ಹರಾಜಿನ ಮನೆ ಮಾರಿಸುವ ಏಜೆಂಟಿಗೆ ಸರ್ಟಿಫಿಕೇಟ್ ಯಾಕೆ?

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಾವು ಪರೀಕ್ಷೆಗೆ ಓದುವ ರಿಯಲ್ ಎಸ್ಟೇಟ್ ಪಾಠದಲ್ಲಿ ಬರುವ 'ಫೋರ್‌ಕ್ಲೋಷರ್ ಏಜೆಂಟ್' (ಸಾಲ ಕಟ್ಟದೆ ಬ್ಯಾಂಕಿನ ಪಾಲಾದ ಮನೆ ಮಾರಿಸುವವನು) ಅಮೆರಿಕದವನು. ಅಲ್ಲಿ ರಾಜ್ಯದ ಲೈಸೆನ್ಸ್ ಕಡ್ಡಾಯ. ಅದು ಕೈಯಲ್ಲಿದ್ದ ಮೇಲೆ, ಇಂಥ ಮನೆಗಳ ವ್ಯವಹಾರ ಕಲಿಯಬೇಕು ಅನ್ನುವವರು ಅಲ್ಲಿನ ಏಜೆಂಟರ ಸಂಘವಾದ ನ್ಯಾಷನಲ್ ಅಸೋಸಿಯೇಷನ್ ಆಫ್ ರಿಯಲ್ಟರ್ಸ್ ಕೊಡುವ ಎಸ್‌ಎಫ್‌ಆರ್ (ಶಾರ್ಟ್ ಸೇಲ್ಸ್ ಅಂಡ್ ಫೋರ್‌ಕ್ಲೋಷರ್ ರಿಸೋರ್ಸ್) ಸರ್ಟಿಫಿಕೇಟ್ ಮಾಡಿಕೊಳ್ಳುತ್ತಾರೆ. ಅದು ಅವರವರ ಇಷ್ಟ. ಲೈಸೆನ್ಸ್, ಸರ್ಟಿಫಿಕೇಟ್ ಎರಡನ್ನೂ ಒಂದೇ ಅಂತ ಬರೆದರೆ ಮಾರ್ಕ್ಸ್ ಹೋಯಿತು.

ನಮ್ಮ ಬಳ್ಳಾರಿಯಲ್ಲಿ ಕಾಣುವುದು ಬ್ಯಾಂಕ್ ಹರಾಜು, 2002ರ ಸರ್ಫೇಸಿ ಕಾಯ್ದೆಯದ್ದು (ಕೋರ್ಟಿಗೆ ಹೋಗದೆ ಅಡಮಾನದ ಆಸ್ತಿ ಮಾರಿ ಬ್ಯಾಂಕ್ ಸಾಲ ವಸೂಲಿ ಮಾಡಿಕೊಳ್ಳುವ ಕಾನೂನು). 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಲ್ಲಿ ಏಜೆಂಟರ ನೋಂದಣಿ ಇದೆ ನಿಜ, ಆದರೆ ಅದು ಬಿಲ್ಡರ್‌ಗಳ ಪ್ರಾಜೆಕ್ಟಿನಲ್ಲಿ ಸೈಟು, ಫ್ಲಾಟು ಮಾರಿಸುವವರಿಗೆ. ಕೌಲ್ ಬಜಾರಿನ ಹಳೇ ಮನೆ ಹರಾಜಿಗೆ ಬಂದಾಗ ಏಜೆಂಟನ ರೇರಾ ನಂಬರ್ ನೋಡಿ ಅವನಿಗೆ ಹರಾಜು ಗೊತ್ತಿದೆ ಅಂದುಕೊಂಡರೆ ಕೆಟ್ಟೆವು. ಮಹಾರಾಷ್ಟ್ರದವರು 2023ರಲ್ಲಿ ಏಜೆಂಟರಿಗೆ ತರಬೇತಿ, ಪರೀಕ್ಷೆ ಎರಡನ್ನೂ ತಂದರು. ನನಗಂತೂ ಅದು ಸರಿ ಅನ್ನಿಸಿತು.

ಯಾಕೆ ಅಂತೀರಾ? ಪೇಪರಲ್ಲಿ ಬಂದ ಒಂದು ಹರಾಜು ನೋಟಿಸ್ ಹಿಡಿದು ಗೆಳೆಯನ ಜೊತೆ ಆ ಮನೆ ನೋಡೋಕೆ ಹೋಗಿದ್ದೆ. ಕಾಂಪೌಂಡ್ ಒಳಗೆ ಬಟ್ಟೆ ಒಣಗಲು ಹಾಕಿತ್ತು, ಬಾಡಿಗೆಯವರು ಆರಾಮಾಗಿ ಇದ್ದರು. ಜೊತೆಗಿದ್ದ ದಲ್ಲಾಳಿ 'ಕೀ ನಾನು ಕೊಡಿಸ್ತೀನಿ ಬಿಡ್ರಿ' ಅಂದ. ನೋಟಿಸಿನಲ್ಲಿ ಸಣ್ಣಕ್ಷರದಲ್ಲಿ 'ಸಾಂಕೇತಿಕ ಸ್ವಾಧೀನ' ಅಂತಿತ್ತು! ಅಂದರೆ ಬ್ಯಾಂಕಿನ ಕೈಯಲ್ಲಿ ಕಾಗದ ಇದೆ, ಕೀ ಇಲ್ಲ. ಕೀ ಬೇಕಾದರೆ ಬ್ಯಾಂಕಿನವರು ಸರ್ಫೇಸಿಯ ಕಲಂ 14ರ ಕೆಳಗೆ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು, ದಲ್ಲಾಳಿ ಕೈಲಾಗುವ ಕೆಲಸ ಅಲ್ಲ. 'ಇದ್ದಲ್ಲಿ, ಇದ್ದ ಹಾಗೆ' ಅನ್ನುವ ಸಾಲೂ ಅಲ್ಲೇ ಇತ್ತು. ಮನೆಯ ತೆರಿಗೆ, ಕರೆಂಟ್ ಬಾಕಿ ಎಷ್ಟಿದೆ ಅಂತ ವಿಚಾರಿಸಿಕೊಳ್ಳೋದು ಕೊಳ್ಳುವವನ ತಲೆನೋವು.

ದುಡ್ಡಿನ ಲೆಕ್ಕ ಇನ್ನೂ ಬಿಗಿ. ಉದಾಹರಣೆಗೆ 32 ಲಕ್ಷಕ್ಕೆ ಕೂಗಿದಿರಿ, ಮೊದಲೇ 3 ಲಕ್ಷ ಇಎಂಡಿ (ಹರಾಜಿಗೆ ಸೇರಲು ಕಟ್ಟುವ ಮುಂಗಡ ಠೇವಣಿ) ಕಟ್ಟಿದ್ದೀರಿ ಅನ್ನಿ. ಅದೇ ದಿನ, ತಪ್ಪಿದರೆ ಮುಂದಿನ ಕೆಲಸದ ದಿನದೊಳಗೆ ಶೇ. 25 ತುಂಬಬೇಕು, ಅಂದರೆ 8 ಲಕ್ಷ. ಇಎಂಡಿ ಕಳೆದು ಇನ್ನೂ 5 ಲಕ್ಷ. ಉಳಿದ 24 ಲಕ್ಷಕ್ಕೆ ಮಾರಾಟ ಖಾಯಂ ಆದ 15ನೇ ದಿನದ ಗಡುವು. ಬ್ಯಾಂಕ್ ಬರೆದುಕೊಟ್ಟರೆ ಮಾತ್ರ ಜಾಸ್ತಿ ದಿನ, ಅದೂ ಮೂರು ತಿಂಗಳು ದಾಟುವಂತಿಲ್ಲ. ಹೋಮ್ ಲೋನ್ ಆಮೇಲೆ ನೋಡಿದರಾಯ್ತು ಅಂತ ಸುಮ್ನೆ ಕೂಗಿದವನು ಗಡುವು ತಪ್ಪಿಸಿದರೆ ಕಟ್ಟಿದ್ದೂ ಮುಟ್ಟುಗೋಲು. ಈ ಲೆಕ್ಕವನ್ನು ಕೂಗುವ ಮೊದಲೇ ಹೇಳದ ಏಜೆಂಟ್ ಗೋಡೆಗೆ ಎಷ್ಟು ಸರ್ಟಿಫಿಕೇಟ್ ಹಾಕಿಕೊಂಡರೇನು, ಅಲ್ವಾ?

ನಮ್ಮ ಓದುವ ಗುಂಪಿನಲ್ಲಿ ಒಬ್ಬರು ಸಿರುಗುಪ್ಪ ಕಡೆಯ ಗದ್ದೆಯನ್ನೂ ಬ್ಯಾಂಕ್ ಹೀಗೆ ಹರಾಜು ಹಾಕಬಹುದಾ ಅಂತ ಕೇಳಿದ್ದರು. ಸರ್ಫೇಸಿಯ ಕಲಂ 31(ಐ) ತೆಗೆದು ನೋಡಿ. ಕೃಷಿ ಜಮೀನಿನ ಮೇಲಿನ ಅಡಮಾನಕ್ಕೆ ಸರ್ಫೇಸಿ ಹರಾಜು ಅನ್ವಯ ಆಗುವುದಿಲ್ಲ, ಬ್ಯಾಂಕ್ ಬೇರೆ ದಾರಿ ಹಿಡಿಯಬೇಕು.