ಗುತ್ತಿಗೆ, ನೇರ ಪಾವತಿ, ಕಾಯಂ: ಬೆಂಗಳೂರಿನ ಪೌರಕಾರ್ಮಿಕರ ಕಥೆ

ಪೌರಕಾರ್ಮಿಕರ ಸುದ್ದಿ ಬಂದಾಗೆಲ್ಲ ಗುತ್ತಿಗೆ, ನೇರ ಪಾವತಿ, ಕಾಯಂ ಅಂತ ಮೂರು ಮಾತು ಬರುತ್ತೆ, ಓದೋರು ಮೂರನ್ನೂ ಒಂದಕ್ಕೊಂದು ಕಲಸಿಬಿಡ್ತಾರೆ. ಒಂದೇ ರಸ್ತೇಲಿ ಕಸ ಗುಡಿಸೋ ಇಬ್ರು ಹೆಂಗಸರಲ್ಲಿ ಒಬ್ಬರಿಗೆ ಸರ್ಕಾರಿ ಸಂಬಳ, ಇನ್ನೊಬ್ಬರಿಗೆ ಬರೀ ಕೂಲಿ, ಹಿಂಗೆ ವರ್ಷಗಟ್ಟಲೆ ನಡೀತು.

ಮೊದಲು ಪಾಲಿಕೆಯೇ ಜನ ತಗೊಳ್ತಿತ್ತು, ಆಮೇಲೆ ಊರು ಬೆಳೀತು ನೇಮಕಾತಿ ಬೆಳೀಲಿಲ್ಲ, ಆ ಜಾಗಕ್ಕೆ ಗುತ್ತಿಗೆ ಬಂತು. ವರ್ಷಪೂರ್ತಿ ನಡೆಯೋ ಕೆಲಸದಲ್ಲಿ ಗುತ್ತಿಗೆ ನಿಷೇಧಿಸೋ ಅಧಿಕಾರ ಸರ್ಕಾರಕ್ಕೆ 1970ರ ಗುತ್ತಿಗೆ ಕಾರ್ಮಿಕ ಕಾಯ್ದೇಲೇ ಇತ್ತು. ಕಸಕ್ಕೆ ರಜೆ ಇರೋ ದಿನ ಯಾವುದು ಹೇಳಿ? 2006ರಲ್ಲಿ ಸುಪ್ರೀಂ ಕೋರ್ಟಿನ ಉಮಾದೇವಿ ತೀರ್ಪು ಬಂತು, ಅದೂ ನಮ್ಮ ರಾಜ್ಯದ ದಿನಗೂಲಿ ನೌಕರರದ್ದೇ ಕೇಸು. ನಿಯಮದ ಪ್ರಕಾರ ನೇಮಕ ಆಗದೇ ಇದ್ರೆ, ಬಹಳ ವರ್ಷ ದುಡಿದ್ರು ಅನ್ನೋ ಒಂದೇ ಕಾರಣಕ್ಕೆ ಕಾಯಂ ಕೇಳೋ ಹಕ್ಕಿಲ್ಲ ಅಂತು. ಅಲ್ಲಿಂದಾಚೆ ಯಾರು ಕಾಯಂ ಕೇಳಿದ್ರೂ ಆ ತೀರ್ಪನ್ನೇ ಮುಂದಿಡೋದು ರೂಢಿಯಾಯ್ತು.

ಗುತ್ತಿಗೇಲಿ ಹಾಜರಿ, ಸಂಬಳ ಎಲ್ಲ ಗುತ್ತಿಗೆದಾರರ ಕೈಲಿ. ಪಿಎಫ್ ಅಂತ ಹಿಡಿದ ದುಡ್ಡು ಖಾತೆಗೆ ಬೀಳಲಿಲ್ಲ, ಎರಡು ಮೂರು ತಿಂಗಳು ಸಂಬಳವೇ ಬರಲಿಲ್ಲ ಅನ್ನೋ ದೂರು ಮಾಮೂಲಿ, ಕೇಳೋಕೆ ಹೋದ್ರೆ ಪಾಲಿಕೆ ಗುತ್ತಿಗೆದಾರರ ಕಡೆ ತೋರಿಸೋದು, ಅವರು ಬಿಲ್ ಪಾಸಾಗಿಲ್ಲ ಅನ್ನೋದು, ಟೆಂಡರ್ ಬದಲಾದ್ರೆ ಹಳೇ ಸರ್ವೀಸಿಗೆ ಲೆಕ್ಕವೇ ಇಲ್ಲ.

2017ರಲ್ಲಿ ಗುಡಿಸೋರ ಗುತ್ತಿಗೆ ತೆಗೆದು ನೇರ ಪಾವತಿಗೆ ತಂದ್ರು. ಪಾಲಿಕೆಯಿಂದಲೇ ಬ್ಯಾಂಕ್ ಖಾತೆಗೆ ಸಂಬಳ, ಇದು ನಿಜಕ್ಕೂ ದೊಡ್ಡ ಗೆಲುವು. ಆದ್ರೆ ಇಲ್ಲೇ ಜನ ತಪ್ಪು ತಿಳಿಯೋದು: ಮಧ್ಯದವರು ಹೋದ್ರು ನಿಜ, ಹುದ್ದೆ ಸಿಗಲಿಲ್ಲ. ವೇತನಶ್ರೇಣಿ ಇಲ್ಲ, ಸರ್ಕಾರಿ ನೌಕರರ ನಿವೃತ್ತಿ ಸೌಲಭ್ಯ ಇಲ್ಲ. ಅದಕ್ಕೇ 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟು ಮುಷ್ಕರಕ್ಕೆ ಕೂತ್ರು, ಸರ್ಕಾರ ಕಾಯಂ ಮಾಡ್ತೀವಿ ಅಂತ ಒಪ್ಕೊಂತು.

ನೇಮಕಾತಿ ಪತ್ರ ಕೈಗೆ ಬಂದಿದ್ದು 2025ರ ಮೇ 1ಕ್ಕೆ, 12,692 ಜನಕ್ಕೆ. ಅಷ್ಟರಲ್ಲಿ 60 ದಾಟಿದವರಿಗೆ ಆ ಪತ್ರ ಸಿಗಲೇ ಇಲ್ಲ. ಅದೇ ಕಸ ಹೊರೋ ಆಟೋ ಟಿಪ್ಪರ್ ಡ್ರೈವರ್, ಹೆಲ್ಪರ್‌ಗಳು 2017ರ ನೇರ ಪಾವತೀಲೂ ಇರಲಿಲ್ಲ, ಈ ಪಟ್ಟೀಲೂ ಇರಲಿಲ್ಲ.