ಎರಡನೇ ದಿನ ತಲೆ ಎತ್ತುತ್ತಾರಾ ನೋಡಿ

“ಹುಷಾರಾಗಿದ್ದಾನಲ್ಲ ಡಾಕ್ಟ್ರೇ, ಮನೆಗೆ ಕಳಿಸಿಬಿಡಿ.” ಕೀಟನಾಶಕ ಮೈಗೆ ಸೇರಿ ಐಸಿಯುಗೆ ಬಂದವರ ಮನೆಯವರು ಎರಡನೇ ದಿನ ಹೀಗೆ ಕೇಳುತ್ತಾರೆ. ರೋಗಿ ಕಣ್ಣು ಬಿಟ್ಟಿರುತ್ತಾನೆ, ಮಾತಾಡುತ್ತಿರುತ್ತಾನೆ. ನಾನು ದಿಂಬಿನಿಂದ ತಲೆ ಎತ್ತಲು ಹೇಳುತ್ತೇನೆ. ಆಗದಿದ್ದರೆ ಮನೆಯ ಮಾತೇ ಇಲ್ಲ.

ಮೊನೊಕ್ರೋಟೊಫಾಸ್, ಕ್ಲೋರ್‌ಪೈರಿಫಾಸ್ ಇವೆಲ್ಲ ಆರ್ಗನೋಫಾಸ್ಫೇಟ್ ಎಂಬ ಒಂದೇ ಗುಂಪಿನ ಕೀಟನಾಶಕಗಳು. ನಮ್ಮೂರುಗಳಲ್ಲಿ ಇವನ್ನೂ ‘ಔಷಧಿ’ ಅಂತಲೇ ಕರೆಯುತ್ತಾರೆ. ಆ ಹೆಸರು ನನಗೆ ಯಾವತ್ತೂ ಸರಿ ಕಂಡಿಲ್ಲ. ನರ ತನ್ನ ಸುದ್ದಿಯನ್ನು ಸ್ನಾಯುವಿಗೆ ಮುಟ್ಟಿಸುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ. ಕೆಲಸ ಮುಗಿದ ಕೂಡಲೇ ಒಂದು ಕಿಣ್ವ ಅದನ್ನು ಒಡೆಯುತ್ತದೆ. ವಿಷ ಆ ಕಿಣ್ವದ ಕೈಯನ್ನೇ ಕಟ್ಟುತ್ತದೆ. ಆಗ ಅಸಿಟೈಲ್‌ಕೋಲಿನ್ ಒಡೆಯದೆ ತುಂಬಿಕೊಂಡು ಬೆವರು, ಜೊಲ್ಲು ಸುರಿಯುತ್ತವೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಹೃದಯದ ಬಡಿತ ತಪ್ಪುತ್ತದೆ, ಕೆಲವರಿಗೆ ಮೇದೋಜೀರಕ ಗ್ರಂಥಿಯೂ ಊದಿಕೊಳ್ಳುತ್ತದೆ.

ಅಟ್ರೋಪಿನ್ ಎಂಬ ಮದ್ದು ಕೊಟ್ಟರೆ ಆ ನೀರು ಒಣಗುತ್ತದೆ. ಆದರೆ ಸೋತ ಸ್ನಾಯುವಿಗೆ ಅದು ಏನೂ ಮಾಡದು. ಕೆಲವರಿಗೆ ವಿಷ ಸೇರಿದ 1ರಿಂದ 4 ದಿನಗಳ ಒಳಗೆ ಮೊದಲು ಕುತ್ತಿಗೆ ಬೀಳುತ್ತದೆ, ಆಮೇಲೆ ಉಸಿರಾಟದ ಸ್ನಾಯುಗಳು. ಆ ಹೊತ್ತಿಗೆ ವೆಂಟಿಲೇಟರ್ ಹತ್ತಿರವಿದ್ದರೆ ಹೆಚ್ಚಿನವರು ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಬಸ್ಸಿನಲ್ಲಿ ಊರಿಗೆ ಹೊರಟಿದ್ದರೆ? ನೆನೆಸಿಕೊಂಡರೆ ಸಂಕಟವಾಗುತ್ತದೆ.

2018ರ ಡಿಸೆಂಬರ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ವಿಷ ಬೆರೆಸಿದ ಪ್ರಸಾದ ತಿಂದು 17 ಜನ ತೀರಿಕೊಂಡರು. ನೂರಕ್ಕೂ ಜಾಸ್ತಿ ಜನ ಅಸ್ವಸ್ಥರಾದರು. ಅವರನ್ನು ಮೈಸೂರಿನ ಬೇರೆ ಬೇರೆ ಆಸ್ಪತ್ರೆಗಳಿಗೆ ಹಂಚಬೇಕಾಯಿತು. ಈ ವಿಷ ಎಷ್ಟು ಹಾಸಿಗೆ, ಎಷ್ಟು ವೆಂಟಿಲೇಟರ್ ಕೇಳುತ್ತದೆ ಅಂತ ನಾಡಿಗೆಲ್ಲ ಅವತ್ತು ಗೊತ್ತಾಯಿತು.

ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ವಿಷದ ಜೊತೆಗಿರುವ ಎಣ್ಣೆಯಂಥ ದ್ರಾವಕ ಶ್ವಾಸಕೋಶಕ್ಕೆ ಇಳಿದರೆ ಇನ್ನೊಂದು ಕಷ್ಟ ಶುರು. ಬಟ್ಟೆ ತೆಗೆದು ಮೈಯನ್ನು ಸೋಪು ನೀರಿನಿಂದ ತೊಳೆಯಿರಿ. ತೊಳೆಯುವಾಗ ಕೈಗವಸು ಇರಲಿ. 108ಕ್ಕೆ ಫೋನ್ ಮಾಡಿ. ಡಬ್ಬಿಯನ್ನು ಜೊತೆಗೆ ತನ್ನಿ, ಅದರ ಮೇಲಿನ ಹೆಸರು ನೋಡಿದರೆ ನಮಗೆ ಎಷ್ಟೋ ಸಮಯ ಉಳಿಯುತ್ತದೆ.

ಬೇಕೆಂದೇ ಕುಡಿದವರಾದರೆ ಬೈಯಬೇಡಿ. ಪಕ್ಕದಲ್ಲಿ ಸುಮ್ನೆ ಕೂತಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಹಗಲು ರಾತ್ರಿ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಮನೆಗೆ ಹೋದ ಎರಡು ಮೂರು ವಾರಕ್ಕೆ ಪಾದ ಜೋಮು ಹಿಡಿದರೆ, ನಡೆಯುವಾಗ ಎಡವಿದರೆ ಮತ್ತೆ ಬನ್ನಿ. ಕೆಲವು ಕೀಟನಾಶಕಗಳು ಕಾಲಿನ ನರಗಳನ್ನು ಹೀಗೆ ತಡವಾಗಿ ಹಿಡಿಯುತ್ತವೆ.