ಪದ ಪರಿಚಯ: ಸ್ಟಾಕ್ ಕ್ಲಾಸ್

ಶೋರೂಮಿನಿಂದ ಬಂದ ಹಾಗೇ ಇರುವ ಗಾಡಿಗಳಿಗೆ ಅಂತಲೇ ಆಫ್‌ರೋಡ್ ಸ್ಪರ್ಧೆಗಳಲ್ಲಿ ಇಡುವ ವಿಭಾಗ ಸ್ಟಾಕ್ ಕ್ಲಾಸ್. ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಶನ್ ಎಲ್ಲ ಕಂಪನಿಯದೇ ಇರಬೇಕು. ಬೇರೆ ಟೈರು, ಎಳೆಯಲು ಗಟ್ಟಿ ಹುಕ್ಕು, ಇಂಥ ಸಣ್ಣಪುಟ್ಟ ಬದಲಾವಣೆಗೆ ಎಷ್ಟು ಅವಕಾಶ ಎನ್ನುವುದು ಆಯೋಜಕರಿಗೆ ಬಿಟ್ಟದ್ದು. ಮರುಭೂಮಿಯಲ್ಲಿ ಓಡುವ ಡಾಕರ್ ರ‍್ಯಾಲಿಯ ಟಿ2 ವಿಭಾಗದ ಗಾಡಿಗಳೂ ಪ್ರೊಡಕ್ಷನ್ ಗಾಡಿಗಳೇ, ಅಂದರೆ ಕಂಪನಿ ಜನರಿಗೆ ಮಾರುವ ಮಾದರಿಗಳೇ. ಆದರೆ ಒಳಗೆ ರೋಲ್ ಕೇಜ್ (ಗಾಡಿ ಮಗುಚಿದರೆ ಕಾಪಾಡುವ ಕೊಳವೆಗಳ ಚೌಕಟ್ಟು), ರೇಸಿಂಗ್ ಸೀಟು ಇರುತ್ತವೆ. ಅದರಲ್ಲಿ ಮಕ್ಕಳನ್ನು ಸ್ಕೂಲಿಗೆ ಬಿಡೋಕಾಗಲ್ಲ. ನಾನಿಲ್ಲಿ ಹೇಳುತ್ತಿರುವುದು ಭಾನುವಾರ ಸ್ಪರ್ಧೆ, ಸೋಮವಾರ ಆಫೀಸು ಅನ್ನುವ ಗಾಡಿಗಳ ವಿಷಯ.

ನಿಯಮ ಬರೆಯುವುದು ಸುಲಭ. ಕಷ್ಟ ಇರುವುದು ಟ್ರ್ಯಾಕ್ ಹಾಕುವುದರಲ್ಲಿ. ವಿಂಚ್ (ಗಾಡಿಯನ್ನು ಹಗ್ಗದಿಂದ ಎಳೆದುಕೊಳ್ಳುವ ಯಂತ್ರ) ಇಲ್ಲದೆ ದಾಟಲಾಗದ ಹಳ್ಳ ತೋಡಿಟ್ಟು "ಸ್ಟಾಕ್ ಗಾಡಿಗೂ ಸ್ವಾಗತ" ಅಂದರೆ ಅದು ಸುಮ್ನೆ ಬಾಯಿಮಾತು. ಟ್ರ್ಯಾಕ್ ಹಾಕುವವರು ಮೊದಲು ನೋಡಬೇಕಾದ್ದು ಬರುವ ಗಾಡಿಗಳಲ್ಲಿ ಯಾವುದು ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ. ಗಾಡಿಯ ಹೊಟ್ಟೆ ತಗುಲದೆ ದಾಟಬಹುದಾದ ದಿಬ್ಬದ ಕಡಿದಿಗೆ ಬ್ರೇಕ್‌ಓವರ್ ಕೋನ ಅಂತಾರೆ. ಮಾರುತಿಯ ಐದು ಬಾಗಿಲಿನ ಜಿಮ್ನಿಯ ಬ್ರೇಕ್‌ಓವರ್ ಕೋನ 24 ಡಿಗ್ರಿ, ಮಹೀಂದ್ರದ ಮೂರು ಬಾಗಿಲಿನ ಥಾರ್‌ದು 27. ಅಂದರೆ ಥಾರ್ ಆರಾಮಾಗಿ ದಾಟುವ ದಿಬ್ಬದ ಮೇಲೆ ಜಿಮ್ನಿಯ ಹೊಟ್ಟೆ ಕೂತುಬಿಡಬಹುದು. ಆದರೆ ಹಿಂಬದಿಯ ಕೋನ, ಅಂದರೆ ಹಿಂದಿನ ಬಂಪರ್ ನೆಲಕ್ಕೆ ತಗುಲದೆ ಇಳಿಯಬಹುದಾದ ಕಡಿದು, ಜಿಮ್ನಿಗೆ 50, ಥಾರ್‌ಗೆ 37ರ ಹತ್ತಿರ. ಕಡಿದಾದ ಇಳಿಜಾರಿನ ಬುಡದಲ್ಲಿ ಬಂಪರ್ ನೆಲಕ್ಕೆ ಉಜ್ಜುವ ಭಯ ಈಗ ಥಾರ್‌ಗೇ ಜಾಸ್ತಿ. ದಿಬ್ಬಗಳನ್ನಷ್ಟೇ ಇಟ್ಟರೆ ಫಲಿತಾಂಶ ಶೋರೂಮಿನಲ್ಲೇ ಬರೆದಾಗಿರುತ್ತದೆ, ಅಲ್ವಾ?

ಇದಕ್ಕೆ ಬ್ರಿಟನ್ನಿನ ಲ್ಯಾಂಡ್ ರೋವರ್ ಕ್ಲಬ್ಬುಗಳು ಕಂಡುಕೊಂಡ ದಾರಿ ನನಗೆ ತುಂಬ ಇಷ್ಟ. ಅವರ ಆರ್‌ಟಿವಿ (ರೋಡ್ ಟ್ಯಾಕ್ಸ್ಡ್ ವೆಹಿಕಲ್) ಟ್ರಯಲ್ ರಸ್ತೆ ತೆರಿಗೆ ಕಟ್ಟಿ ದಿನವೂ ಓಡಿಸುವ ಗಾಡಿಗಳಿಗಾಗಿಯೇ ಇರುವ ಸ್ಪರ್ಧೆ. ಗುಡ್ಡದ ಮೇಲೆ ಜೋಡಿ ಜೋಡಿಯಾಗಿ ಬಿದಿರು ಕಡ್ಡಿ ನೆಟ್ಟು ಗೇಟು ಮಾಡುತ್ತಾರೆ. ಟ್ರ್ಯಾಕಿನ ಒಂದೊಂದು ತುಂಡಿಗೆ ಸೆಕ್ಷನ್ ಅಂತ ಹೆಸರು, ಅದರ ಗೇಟುಗಳಿಗೆ 1ರವರೆಗೆ ಇಳಿಯುವ ನಂಬರು. ಐದನೇ ನಂಬರಿನ ಗೇಟಲ್ಲಿ ಕಡ್ಡಿ ತಗುಲಿತೋ, ಗಾಡಿ ನಿಂತಿತೋ, ಐದು ಪೆನಾಲ್ಟಿ. ಪೂರ್ತಿ ದಾಟಿದವರಿಗೆ ಸೊನ್ನೆ. ಕಡಿಮೆ ಅಂಕ ಬಂದವರೇ ಗೆದ್ದಂತೆ. ಗಡಿಯಾರದ ಮಾತೇ ಇಲ್ಲ. ಉದ್ದನೆಯ ಗಾಡಿ ತಿರುವಿನಲ್ಲಿ ಒಂದು ಸಲ ಹಿಂದೆ ಮುಂದೆ ಮಾಡಿಕೊಳ್ಳಬಹುದು. ಗಿಡ್ಡ ಗಾಡಿಗೆ ಆ ರಿಯಾಯಿತಿ ಇಲ್ಲ. ಗಾಡಿಗೆ ಪೆಟ್ಟಾಗದ ಹಾಗೆ ಸೆಕ್ಷನ್ ಹಾಕಬೇಕು ಎನ್ನುವುದು ಮೂಲ ನಿಯಮ. ಅಪಾಯವಿಲ್ಲದೆಯೂ ಕಷ್ಟ ಕೊಡಬಹುದು ಅನ್ನುವುದಕ್ಕೆ ಆ ಕಡ್ಡಿಗಳೇ ಸಾಕ್ಷಿ. ಎರಡು ಇಂಚು ಆಚೀಚೆ ನೆಟ್ಟರೆ ಸಾಕು, ಅದೇ ಗುಡ್ಡ ಬೇರೆ ಗುಡ್ಡ.

ದಿನಗಟ್ಟಲೆ ಓಡುವ ಓವರ್‌ಲ್ಯಾಂಡ್ ಸ್ಪರ್ಧೆಗೆ ಕಡ್ಡಿ ಸಾಲದು. ಅಲ್ಲಿ ದಾರಿ ಹುಡುಕುವುದೇ ಪರೀಕ್ಷೆ. ಮೊರಾಕೊದಲ್ಲಿ 1990ರಿಂದ ನಡೆಯುತ್ತಿರುವ, ಮಹಿಳೆಯರಿಗಷ್ಟೇ ಮೀಸಲಾದ ಗಝೆಲ್ ರ‍್ಯಾಲಿಯಲ್ಲಿ ಚೆಕ್‌ಪಾಯಿಂಟುಗಳನ್ನು ಅತಿ ಕಡಿಮೆ ದೂರ ಓಡಿಸಿ ಮುಟ್ಟಿದವರು ಮುಂದು. ಜಿಪಿಎಸ್ ಇಲ್ಲ, ನಕ್ಷೆ ಮತ್ತು ದಿಕ್ಸೂಚಿ ಅಷ್ಟೇ. ಅಮೆರಿಕದಲ್ಲಿ 2016ರಲ್ಲಿ ಶುರುವಾದ ರೆಬೆಲ್ ರ‍್ಯಾಲಿಯೂ ಇದೇ ಜಾತಿಯದು. ಅಲ್ಲಿ ಏನೂ ಮಾರ್ಪಾಡಿಲ್ಲದ ಗಾಡಿಗಳಿಗೆ 'ಬೋನ್ ಸ್ಟಾಕ್' ಅನ್ನುವ ಪ್ರತ್ಯೇಕ ಮನ್ನಣೆ ಇದೆ. ದೊಡ್ಡ ಟೈರು ಹಾಕಿಸಿದವರಿಗೆ ನಕ್ಷೆ ಓದುವುದು ತಾನಾಗಿ ಬರುವುದಿಲ್ಲವಲ್ಲ.

ನಮ್ಮ ಮಲೆನಾಡಿನಲ್ಲಿ ಇಂಥದ್ದು ಮಾಡುವವರು ಮಳೆಯನ್ನೂ ಲೆಕ್ಕಕ್ಕೆ ತಗೋಬೇಕು. ಕಂಪನಿ ಕೊಟ್ಟ ರಸ್ತೆ ಟೈರಿನ ಗೀರುಗಳಲ್ಲಿ ಕೆಂಪು ಕೆಸರು ತುಂಬಿಕೊಂಡರೆ ಹಿಡಿತವೇ ಹೋಗುತ್ತದೆ. ಮೊದಲು ಹೋದವರಿಗೆ ಸಿಕ್ಕ ನೆಲ ಕೊನೆಯವರಿಗೆ ಉಳಿದಿರುವುದಿಲ್ಲ. ಪ್ರತಿ ಸೆಕ್ಷನ್‌ಗೂ ಹೊರಡುವ ಸರದಿ ಬದಲಿಸಬೇಕು. ಮಳೆ ಜೋರಾದರೆ ಏರಿನಲ್ಲಿರುವ ಗೇಟುಗಳನ್ನು ಕಿತ್ತು ಸಮತಟ್ಟಿನಲ್ಲಿ ನೆಡಬೇಕು, ಎಲ್ಲರಿಗೂ ಮೊದಲಿಂದ ಅವಕಾಶ ಕೊಡಬೇಕು.